ಕೆನಾಲ್ ದ್ಯು ಮಿದಿಯಲ್ಲಿ ಒಂದು ವಾರ: ನಿಧಾನದ ಬೋಟ್‌ನಲ್ಲಿ ದಕ್ಷಿಣ ಫ್ರಾನ್ಸ್‌ನ ಹಳೆಯ ಊರುಗಳನ್ನು ನೋಡುವ ಸಮಗ್ರ ಮಾರ್ಗದರ್ಶಿ

ದಕ್ಷಿಣ ಫ್ರಾನ್ಸ್‌ನ ಈ ಕಾಲುವೆಗೆ ಹೋಗಿ ಬಂದ ನಮ್ಮವರಲ್ಲಿ ತುಂಬ ಜನ ಹೇಳುವುದು ಒಂದೇ ಮಾತು: "ವಾರವಿಡೀ ಬೋಟ್ ಓಡಿಸಿದ್ದೇ ಆಯ್ತು, ಊರು ನೋಡೋಕೆ ಟೈಮೇ ಸಿಗಲಿಲ್ಲ." ತಪ್ಪು ಬೋಟಿನದಲ್ಲ, ಪ್ಲಾನ್ ಮಾಡಿದ ಕ್ರಮದ್ದು. ಮೊದಲು ನೋಡಬೇಕಾದ ಜಾಗಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಅದಕ್ಕೆ ಬೋಟನ್ನು ಹೊಂದಿಸಲು ಒದ್ದಾಡುತ್ತಾರೆ. ಕಾಲುವೆಯಲ್ಲಿ ಇದು ಉಲ್ಟಾ ಆಗಬೇಕು. ಲಾಕ್‌ಗಳು ಎಲ್ಲಿವೆ, ಯಾವಾಗ ತೆರೆದಿರುತ್ತವೆ ಅನ್ನುವುದು ಮೊದಲು. ಊರು ಆಮೇಲೆ.

ಲಾಕ್ ಅಂದರೆ ಎರಡು ಕಡೆ ಗೇಟ್ ಇರುವ ಕಲ್ಲಿನ ತೊಟ್ಟಿ. ಬೋಟ್ ಒಳಗೆ ಹೋದ ಮೇಲೆ ಗೇಟ್ ಮುಚ್ಚಿ, ನೀರು ತುಂಬಿಸಿ ಮೇಲಕ್ಕೆತ್ತುತ್ತಾರೆ ಅಥವಾ ನೀರು ಬಿಟ್ಟು ಕೆಳಕ್ಕಿಳಿಸುತ್ತಾರೆ. ನಿಮ್ಮ ಇಡೀ ವಾರ ಈ ತೊಟ್ಟಿಗಳ ಮೇಲೆ ನಿಂತಿದೆ.

## 1. ಮೊದಲು ಕಾಲುವೆಯ ಯಾವ ತುಂಡು ಅಂತ ನಿರ್ಧರಿಸಿ

ಕೆನಾಲ್ ದ್ಯು ಮಿದಿ ತುಲೂಜ್‌ನಿಂದ ಮೆಡಿಟರೇನಿಯನ್ ಪಕ್ಕದ ತೋ ಸರೋವರದವರೆಗೆ ಸುಮಾರು 240 ಕಿ.ಮೀ. ಉದ್ದ. ಒಂದು ವಾರದಲ್ಲಿ ಪೂರ್ತಿ ಮುಗಿಸಲು ಹೋಗಬೇಡಿ. ಕಾಲುವೆಯಲ್ಲಿ ವೇಗದ ಮಿತಿಯೇ ಗಂಟೆಗೆ 8 ಕಿ.ಮೀ. ನಿಜವಾಗಿ ಸಾಗುವುದು ಆರು, ಆರೂವರೆ. ಲಾಕ್ ಬಂದರೆ ಅದೂ ಇಲ್ಲ.

ಹೊಸಬರಿಗೆ ನಾನು ಹೇಳುವುದು ಓಂಪ್ಸ್‌ನಿಂದ ಕೊಲೊಂಬಿಯೆಗೆ ಹೋಗಿ ವಾಪಸ್ ಬರುವ ಮಾರ್ಗ. ಹೋಗುತ್ತಾ ಸುಮಾರು 55 ಕಿ.ಮೀ., ಬರುತ್ತಾ ಅಷ್ಟೇ. ಶುರುವಿನಲ್ಲಿ ಓಂಪ್ಸ್, ಓನ್ಯೋಂ, ಪೆಶ್‌ಲೋರಿಯೆ, ಅರ್ಜೆನ್ಸ್ ಎಂಬ ನಾಲ್ಕು ಕಡೆ ಲಾಕ್‌ಗಳಿವೆ. ನಡುವಿನ ಎರಡು ಕಡೆ ಜೋಡಿ ಲಾಕ್. ಅರ್ಜೆನ್ಸ್ ದಾಟಿದರೆ ಬೆಜಿಯೆ ಊರಿನ ಅಂಚಿನವರೆಗೆ ಸುಮಾರು 54 ಕಿ.ಮೀ. ಒಂದೇ ಒಂದು ಲಾಕ್ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲ್ಲ. ಲಾಕ್ ಇಳಿಯುವುದನ್ನು ಮೊದಲ ದಿನ ಕಲಿಯುತ್ತೀರಿ, ಹತ್ತುವುದನ್ನು ಕೊನೆಯ ದಿನ. ನಡುವೆ ಆರಾಮ.

"ಕಾರ್ಕಸೋನ್ ಕೋಟೆ ಬಿಟ್ಟು ಹೋಗೋದಾ?" ಅಂತ ಕೇಳುತ್ತೀರಿ. ಬಿಡಬೇಡಿ, ಆದರೆ ಅಲ್ಲಿಗೆ ರೈಲಿನಲ್ಲಿ ಹೋಗಿ. ಬೋಟ್‌ನಲ್ಲೇ ಹೋಗುತ್ತೇನೆ ಅಂದರೆ ಓಂಪ್ಸ್‌ನಿಂದ ಮೇಲಕ್ಕೆ ಜೂರ್, ಪ್ವಿಷೆರಿಕ್, ಎಗ್ವಿ, ಸಾಂ ಮಾರ್ತಾಂ, ಫೋಂಫಿಲ್, ಮಾರ್ಸೆಯೆತ್, ಟ್ರೆಬ್ ಹೀಗೆ ಲಾಕ್ ಮೇಲೆ ಲಾಕ್. ಫೋಂಫಿಲ್ ಮತ್ತು ಟ್ರೆಬ್‌ನಲ್ಲಿ ಮೂರು ಮೂರು ತೊಟ್ಟಿ. ಎರಡು ದಿನ ಅದರಲ್ಲೇ ಕಳೆದುಹೋಗುತ್ತದೆ.

ಮಂಡಿನೋವು ಇರುವ ಹಿರಿಯರೇ ಜಾಸ್ತಿ ಇದ್ದರೆ ಬೋಟ್ ಓಡಿಸುವ ಯೋಚನೆಯನ್ನೇ ಬಿಟ್ಟು ಹೋಟೆಲ್ ಬಾರ್ಜ್ ನೋಡಿ. ಹಳೆಯ ಸರಕು ದೋಣಿಯನ್ನು ರೂಮುಗಳಾಗಿ ಮಾಡಿರುತ್ತಾರೆ. ಸಾಮಾನ್ಯವಾಗಿ ಹನ್ನೆರಡರೊಳಗೆ ಜನ. ಅಡುಗೆಯವರು, ಚಾಲಕರು, ಊರು ತೋರಿಸುವವರು ಎಲ್ಲ ಅವರೇ. ದುಡ್ಡು ಮಾತ್ರ ಹಲವು ಪಟ್ಟು. ಸಸ್ಯಾಹಾರ ಬೇಕು ಅಂತ ಬುಕ್ ಮಾಡುವಾಗಲೇ ಬರೆದು ತಿಳಿಸಿ. ಮೊಟ್ಟೆ, ಮೀನು, ಮಾಂಸದ ಸಾರು ಯಾವುದೂ ಬೇಡ ಅಂತ ಒಂದೊಂದಾಗಿ ಬಿಡಿಸಿ ಬರೆಯಿರಿ.

## 2. ತಿಂಗಳು ಮತ್ತು ಬೋಟ್

ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಕೆಲವು ದಿನ ಬಿಸಿಲು 35 ಡಿಗ್ರಿ ದಾಟುತ್ತದೆ, ಲಾಕ್‌ಗಳ ಮುಂದೆ ಸಾಲು ಇರುತ್ತದೆ, ಬಾಡಿಗೆಯೂ ಜಾಸ್ತಿ. ಚಳಿಗಾಲದಲ್ಲಿ ರಿಪೇರಿಗಾಗಿ ಕಾಲುವೆ ಮುಚ್ಚಿರುತ್ತದೆ. ಮೇ 1ಕ್ಕೆ ಲಾಕ್‌ಗಳಿಗೆ ರಜೆ. ಆ ದಿನಾಂಕ ನಿಮ್ಮ ವಾರದಲ್ಲಿ ಬರದ ಹಾಗೆ ನೋಡಿಕೊಳ್ಳಿ.

ಫ್ರಾನ್ಸ್‌ನಲ್ಲಿ ಬಾಡಿಗೆ ಬೋಟ್ ಓಡಿಸಲು ಲೈಸೆನ್ಸ್ ಬೇಡ. ಕಂಪನಿಯವರೇ ಹೇಳಿಕೊಟ್ಟು ಆ ವಾರಕ್ಕೆ ಒಂದು ಕಾರ್ಡ್ ಕೊಡುತ್ತಾರೆ. ಬೋಟ್ ಆರಿಸುವಾಗ ಹೆಚ್ಚಿನವರು ಹಾಸಿಗೆ ಎಣಿಸುತ್ತಾರೆ, ಅಷ್ಟೇ. ನೀವು ಇನ್ನೂ ಮೂರು ವಿಷಯ ಕೇಳಿ.

ಮೊದಲನೆಯದು, ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್ ಇದೆಯಾ? ಹೊಸಬರಿಗೆ ಇದು ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಎರಡನೆಯದು, ಸ್ಟಿಯರಿಂಗ್ ಎಲ್ಲಿದೆ? ಬರೀ ಮೇಲಿನ ಡೆಕ್ ಮೇಲಿದ್ದರೆ ಮಳೆ ಬಂದಾಗ ನೆನೆಯುತ್ತೀರಿ. ಮೂರನೆಯದು, ಡೀಸೆಲ್ ಲೆಕ್ಕ ಹೇಗೆ? ಸಾಮಾನ್ಯವಾಗಿ ಎಂಜಿನ್ ಓಡಿದ ಗಂಟೆಗಳ ಮೇಲೆ, ಬಾಡಿಗೆಗೆ ಹೊರತಾಗಿ ಹಾಕುತ್ತಾರೆ. ನಾಲ್ಕು ಜನರಿದ್ದರೆ ಆರು ಜನರ ಬೋಟ್ ಬೇಡ. ಉದ್ದ ಜಾಸ್ತಿಯಾದಷ್ಟೂ ಗಾಳಿಯಲ್ಲಿ ಹಿಡಿತ ಕಷ್ಟ.

ಕನಿಷ್ಠ ಎರಡು ಸೈಕಲ್‌ಗಳನ್ನು ಬೋಟಿನ ಜೊತೆಗೇ ಬುಕ್ ಮಾಡಿ. ಬ್ರೆಡ್ ತರುವುದರಿಂದ ಹಿಡಿದು ಊರು ಸುತ್ತುವವರೆಗೆ ಎಲ್ಲಕ್ಕೂ ಅದೇ ಆಧಾರ.

## 3. ವೀಸಾ, ಟಿಕೆಟ್, ಡಿಪಾಸಿಟ್: ಈ ಕ್ರಮದಲ್ಲೇ

ಮೊದಲು ಬೋಟ್, ರದ್ದು ಮಾಡುವ ಷರತ್ತು ಓದಿಕೊಂಡು. ಆಮೇಲೆ ವೀಸಾ ಅಪಾಯಿಂಟ್‌ಮೆಂಟ್. ಹಣ ವಾಪಸ್ ಬರದ ವಿಮಾನ ಟಿಕೆಟ್ ಕೊನೆಗೆ. ವಿಮಾನ ಅಗ್ಗಕ್ಕೆ ಸಿಕ್ಕಿತು ಅಂತ ಮೊದಲು ತಗೊಂಡು, ಆ ವಾರ ಬೋಟ್ ಇಲ್ಲ ಅಂತ ಪೇಚಾಡುವವರೇ ಹೆಚ್ಚು. ಬೋಟ್‌ಗಳು ಬಹುಪಾಲು ಶನಿವಾರದಿಂದ ಶನಿವಾರಕ್ಕೆ ಸಿಗುತ್ತವೆ.

ಫ್ರಾನ್ಸ್‌ಗೆ ಬೇಕಾದ ಷೆಂಗೆನ್ ವೀಸಾಗೆ ಪ್ರಯಾಣದ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ತಡ ಅಂದರೂ ಪ್ರಯಾಣಕ್ಕೆ 15 ದಿನ ಮೊದಲು ಹಾಕಿರಬೇಕು. ಬೇಸಿಗೆ ರಜೆಯಲ್ಲಿ ಸ್ಲಾಟ್ ಸಿಗುವುದೇ ಕಷ್ಟ, ಹಾಗಾಗಿ ಬೇಗ ನೋಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು.

ಇಲ್ಲಿ ಜನ ಎಡವುವುದು ವಸತಿಯ ಪುರಾವೆಯಲ್ಲಿ. ಬೋಟ್ ಬಾಡಿಗೆ ಕಾಗದದಲ್ಲಿ ಒಬ್ಬರ ಹೆಸರೇ ಇರುತ್ತದೆ, ಅದೂ ಹೋಟೆಲ್ ಬುಕಿಂಗ್ ಥರ ಕಾಣುವುದಿಲ್ಲ. ಎಲ್ಲರ ಹೆಸರು, ದಿನಾಂಕ, ಬೋಟ್ ಹತ್ತುವ ಮತ್ತು ಬಿಡುವ ಜಾಗ ಇರುವ ಪತ್ರವನ್ನು ಕಂಪನಿಯಿಂದ ಕೇಳಿ ಪಡೆಯಿರಿ. ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ ಅನ್ನುವ ದಿನಚರಿಯನ್ನೂ ಒಂದು ಹಾಳೆಯಲ್ಲಿ ಬರೆದು ಅದರ ಜೊತೆ ಲಗತ್ತಿಸಿ.

ಬೋಟ್ ಕೊಡುವಾಗ ಕಾರ್ಡಿನಲ್ಲಿ ಡಿಪಾಸಿಟ್ ಹಿಡಿಯುತ್ತಾರೆ. ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡ್‌ನಲ್ಲಿ ಇದು ಅನೇಕ ಸಲ ಆಗುವುದೇ ಇಲ್ಲ. ವಿದೇಶಿ ಬಳಕೆ ಆನ್ ಮಾಡಿದ, ಸಾಕಷ್ಟು ಲಿಮಿಟ್ ಇರುವ ಕ್ರೆಡಿಟ್ ಕಾರ್ಡ್ ಜೊತೆಗಿರಲಿ.

## 4. ಸಾಮಾನು

ಗಟ್ಟಿ ಸೂಟ್‌ಕೇಸ್ ತರಬೇಡಿ. ಬೋಟ್‌ನಲ್ಲಿ ಅದನ್ನು ಇಡಲು ಜಾಗ ಇರುವುದಿಲ್ಲ. ಮಡಚುವ ಬ್ಯಾಗ್ ಸಾಕು. ಹಗ್ಗ ಹಿಡಿಯಲು ಪ್ರತಿಯೊಬ್ಬರಿಗೂ ಗ್ಲೌಸ್, ಜಾರದ ಶೂ, ಟಾರ್ಚ್, ಟೋಪಿ ಇರಲಿ. ಚಪ್ಪಲಿ ಹಾಕಿಕೊಂಡು ಲಾಕ್ ಕೆಲಸ ಮಾಡಲೇಬೇಡಿ.

ಬೋಟ್‌ನಲ್ಲಿ ಗ್ಯಾಸ್ ಒಲೆ ಇರುತ್ತದೆ, ಪುಟ್ಟ ಕುಕ್ಕರ್ ಒಯ್ದರೆ ಅನ್ನ ಸಾರಿಗೆ ತೊಂದರೆಯಿಲ್ಲ. ರೈಸ್ ಕುಕ್ಕರ್, ಕೆಟಲ್, ಹೇರ್ ಡ್ರೈಯರ್ ಮಾತ್ರ ಬಂದರಿನಲ್ಲಿ ಕರೆಂಟ್ ಹಾಕಿಕೊಂಡಾಗಲೇ. ಬ್ಯಾಟರಿಯ ಮೇಲೆ ಹಾಕಿದರೆ ರಾತ್ರಿ ಫ್ರಿಜ್, ದೀಪ, ನೀರಿನ ಪಂಪ್ ಎಲ್ಲ ನಿಲ್ಲುತ್ತವೆ.

ಒಂದು ಎಚ್ಚರಿಕೆ: ಭಾರತದಿಂದ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಯುರೋಪಿಯನ್ ಒಕ್ಕೂಟದೊಳಗೆ ತಗೊಂಡು ಹೋಗುವ ಹಾಗಿಲ್ಲ. ತುಪ್ಪ, ಪೇಡ, ಖೋವಾ ಬೇಡ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಸಾಕು. ಬೆಣ್ಣೆ ಅಲ್ಲೇ ತಗೊಂಡು ಕಾಯಿಸಿದರೆ ಘಮಘಮ ತುಪ್ಪ ಆಗುತ್ತದೆ.

## 5. ಬೋಟ್‌ಗೆ ಮೊದಲು ಕಾರ್ಕಸೋನ್

ಗುರುವಾರವೇ ಕಾರ್ಕಸೋನ್ ತಲುಪಿ, ಎರಡು ರಾತ್ರಿ ಉಳಿಯಿರಿ. ತುಲೂಜ್‌ನಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಬರುತ್ತದೆ. ಸ್ಟೇಷನ್ ಎದುರಿಗೇ ಕಾಲುವೆ. ಅಲ್ಲಿ ನಿಂತು ಬಾಡಿಗೆ ಬೋಟ್‌ಗಳು ಲಾಕ್ ದಾಟುವುದನ್ನು ನೋಡಿ. ಯಾರು ಹಗ್ಗ ಹೇಗೆ ಹಿಡಿಯುತ್ತಾರೆ, ಯಾರು ಕಿರುಚಾಡುತ್ತಾರೆ ಅಂತ ನೋಡುವುದೇ ನಿಮ್ಮ ಮೊದಲ ಪಾಠ.

52 ಗೋಪುರಗಳ ಕೋಟೆ ಊರಿಗೆ ಸ್ಟೇಷನ್‌ನಿಂದ ಅರ್ಧ ಗಂಟೆ ನಡಿಗೆ. ಕೋಟೆಯೊಳಗಿನ ಬೀದಿಗಳಿಗೆ ಟಿಕೆಟ್ ಇಲ್ಲ. ಒಳಗಿನ ಅರಮನೆ ಮತ್ತು ಗೋಡೆಯ ಮೇಲಿನ ದಾರಿಗೆ ಮಾತ್ರ ಇದೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಹತ್ತೂವರೆ ಆದಮೇಲೆ ಬೀದಿಯಲ್ಲಿ ಕಾಲಿಡಲು ಜಾಗ ಇರಲ್ಲ.

ಶನಿವಾರ ಕಾರ್ನೊ ಚೌಕದ ಸಂತೆಯಲ್ಲಿ ತರಕಾರಿ ತಗೊಳ್ಳಿ. ಭಾನುವಾರ ಮಧ್ಯಾಹ್ನದ ಮೇಲೆ ಹಳ್ಳಿ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಎರಡು ದಿನದ ಸಾಮಾನು ಇಲ್ಲೇ ಆಗಬೇಕು. ಆಮೇಲೆ ರೈಲಿನಲ್ಲಿ ಲೆಜಿನ್ಯಾಂ ಕೋರ್ಬಿಯೆರ್‌ಗೆ, ಅಲ್ಲಿಂದ ಮೊದಲೇ ಹೇಳಿಟ್ಟ ಟ್ಯಾಕ್ಸಿಯಲ್ಲಿ ಓಂಪ್ಸ್‌ಗೆ. ಸಣ್ಣ ಊರು, ನಿಂತ ಜಾಗದಲ್ಲಿ ಟ್ಯಾಕ್ಸಿ ಸಿಗುವ ನಂಬಿಕೆ ಬೇಡ.

## 6. ಬೋಟ್ ಕೈಗೆ ತಗೊಳ್ಳುವಾಗ

ಪ್ರಯಾಣದಲ್ಲಿ ದಣಿದಿರುತ್ತೀರಿ, ಹೇಳಿಕೊಡುವವರಿಗೆ ಅವಸರ ಇರುತ್ತದೆ. ಆದರೂ ಬಿಡಬೇಡಿ. ಇಬ್ಬರು ಕೇಳಿಸಿಕೊಳ್ಳಿ, ಒಬ್ಬರು ಫೋನಿನಲ್ಲಿ ವಿಡಿಯೊ ಮಾಡಲಿ. ಗ್ಯಾಸ್ ವಾಲ್ವ್, ಬ್ಯಾಟರಿ ಸ್ವಿಚ್, ಎಂಜಿನ್ ಆಯಿಲ್ ನೋಡುವ ಕಡ್ಡಿ, ತಂಪು ನೀರಿನ ಫಿಲ್ಟರ್, ಟಾಯ್ಲೆಟ್ ಪಂಪ್, ಕುಡಿಯುವ ನೀರು ತುಂಬುವ ಬಾಯಿ ಇವಿಷ್ಟನ್ನೂ ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ. ನೀರಿನ ಬಾಯಿ ಮತ್ತು ಡೀಸೆಲ್ ಬಾಯಿ ಅಕ್ಕಪಕ್ಕ ಇದ್ದರೆ ಯಾವುದು ಯಾವುದು ಅಂತ ಎರಡು ಸಲ ಕೇಳಿ. ಎಂಜಿನ್ ಗಂಟೆ ಮೀಟರ್ ಮತ್ತು ಹಳೆಯ ಗೀರುಗಳ ಫೋಟೊ ತೆಗೆಯಿರಿ.

ಆಮೇಲೆ ಅರ್ಧ ಗಂಟೆ ಅಭ್ಯಾಸ. ಬೋಟ್‌ಗೆ ಬ್ರೇಕ್ ಇಲ್ಲ, ನಿಲ್ಲಿಸಲು ರಿವರ್ಸ್ ಹಾಕಬೇಕು. ಸ್ಟಿಯರಿಂಗ್ ತಿರುಗಿಸಿದ ಮೇಲೆ ಬೋಟ್ ಒಂದೆರಡು ಕ್ಷಣ ತಡವಾಗಿ ತಿರುಗುತ್ತದೆ. ಅಷ್ಟರಲ್ಲಿ ಗಾಬರಿಯಾಗಿ ಇನ್ನೂ ತಿರುಗಿಸಿದರೆ ಹಾವಿನ ಹಾಗೆ ಓಲಾಡುತ್ತದೆ. ಸ್ವಲ್ಪ ತಿರುಗಿಸಿ, ಕಾಯಿರಿ, ನೇರ ಮಾಡಿ. ರಿವರ್ಸ್‌ನಲ್ಲಿ ಸ್ಟಿಯರಿಂಗ್ ಹೆಚ್ಚುಕಡಿಮೆ ಕೆಲಸ ಮಾಡುವುದೇ ಇಲ್ಲ. ಎದುರು ಬೋಟ್ ಬಂದರೆ ನೀವು ಬಲಕ್ಕೆ. ಕತ್ತಲಾದ ಮೇಲೆ ಓಡಿಸುವ ಹಾಗಿಲ್ಲ.

## 7. ಲಾಕ್ ದಾಟುವುದು

ಅವಸರ ಬೇಡದ ಜಾಗ ಇದೇ. ಮಧ್ಯಾಹ್ನ ಊಟಕ್ಕೆ ಲಾಕ್‌ಗಳು ಮುಚ್ಚುತ್ತವೆ, ಸಂಜೆಯೂ ಗೊತ್ತಾದ ಹೊತ್ತಿಗೆ ಮುಚ್ಚುತ್ತವೆ. ಆ ವರ್ಷದ ವೇಳಾಪಟ್ಟಿಯನ್ನು ವ್ವಾ ನಾವಿಗಾಬ್ಲ್ ದ ಫ್ರಾನ್ಸ್ ಎಂಬ ಸರ್ಕಾರಿ ಜಲಮಾರ್ಗ ಸಂಸ್ಥೆ ಪ್ರಕಟಿಸುತ್ತದೆ. ಹೊರಡುವ ಮೊದಲು ಅದನ್ನೂ, "ಅವಿ ಆ ಲಾ ಬಾತೆಲ್ರಿ" ಎಂಬ ಅವರ ಸೂಚನೆಗಳನ್ನೂ ನೋಡಿ. ನೀರು ಕಮ್ಮಿ, ರಿಪೇರಿ ಎಲ್ಲ ಅದರಲ್ಲೇ ಬರುತ್ತದೆ.

ಕಾಯುವುದು. ಕೆಂಪು ದೀಪ ಇದ್ದರೆ ದೂರದಲ್ಲೇ ನಿಂತು ದಡಕ್ಕೆ ಹಗ್ಗ ಹಾಕಿ. ಹೊರಬರುವ ಬೋಟ್‌ಗೆ ಜಾಗ ಬಿಡಿ. ಕೆಂಪು ಮತ್ತು ಹಸಿರು ಒಟ್ಟಿಗೆ ಬಂದರೆ ತಯಾರಾಗಿ. ಹಸಿರು ಬಂದ ಮೇಲೇ ಒಳಗೆ. ಜನರನ್ನು ಸಾಗಿಸುವ ದೊಡ್ಡ ಬಾರ್ಜ್ ಬಂದರೆ ಸರದಿ ಅದಕ್ಕೆ ಮೊದಲು.

ಇಳಿಯುವಾಗ. ತೊಟ್ಟಿ ತುಂಬಿರುತ್ತದೆ, ಹಾಗಾಗಿ ಸುಲಭ. ಒಬ್ಬರು ಮುಂದಿನ, ಒಬ್ಬರು ಹಿಂದಿನ ಹಗ್ಗ ಹಿಡಿಯಲಿ. ಹಗ್ಗವನ್ನು ದಡದ ಕಬ್ಬಿಣದ ಗೂಟಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಬೋಟ್‌ಗೇ ವಾಪಸ್ ತಂದು ಕೈಯಲ್ಲಿ ಹಿಡಿಯಬೇಕು. ಗಂಟು ಹಾಕಬಾರದು, ಯಾವತ್ತೂ ಹಾಕಬಾರದು. ನೀರು ಇಳಿದಂತೆ ಹಗ್ಗ ಬಿಡುತ್ತಾ ಹೋಗಬೇಕು. ಗಂಟು ಹಾಕಿದರೆ ಬೋಟ್ ಹಗ್ಗಕ್ಕೆ ನೇತುಬೀಳುತ್ತದೆ. ಹಿಂದಿನ ಗೇಟ್ ಕೆಳಗೆ ಕಲ್ಲಿನ ಮೆಟ್ಟಿಲು ಚಾಚಿಕೊಂಡಿರುತ್ತದೆ. ಬೋಟಿನ ಹಿಂಭಾಗ ಅದರ ಮೇಲೆ ಕೂತರೆ ಮುಂಭಾಗ ಮಾತ್ರ ಇಳಿದು ಬೋಟ್ ಮುಳುಗಬಹುದು. ಯಾವಾಗಲೂ ಮುಂದಕ್ಕೆ ಸರಿದು ನಿಲ್ಲಿ.

ಹತ್ತುವಾಗ. ತೊಟ್ಟಿ ಖಾಲಿ, ಗೋಡೆ ಎತ್ತರ. ಲಾಕ್‌ಗೆ ಮೊದಲೇ ಇರುವ ಕಟ್ಟೆಯಲ್ಲಿ ಒಬ್ಬಿಬ್ಬರನ್ನು ಇಳಿಸಿ. ಅವರು ನಡೆದು ಮೇಲೆ ಹೋಗಿ ನಿಲ್ಲಲಿ, ಬೋಟ್ ಒಳಬಂದ ಮೇಲೆ ಹಗ್ಗ ಎಸೆಯಿರಿ. ಗೂಟ ಸುತ್ತಿದ ಹಗ್ಗ ಮತ್ತೆ ಬೋಟ್‌ಗೆ ಬರಲಿ. ಮುಂದಿನ ಗೇಟಿನಿಂದ ನೀರು ಭೋರ್ಗರೆದು ನುಗ್ಗುತ್ತದೆ. ಗಟ್ಟಿಯಾದವರು ಮುಂದಿನ ಹಗ್ಗ ಹಿಡಿಯಬೇಕು. ನೀರು ಏರಿದಂತೆ ಹಗ್ಗ ಎಳೆದುಕೊಳ್ಳುತ್ತಾ ಇರಬೇಕು. ಕೈಗೆ ಮಾತ್ರ ಸುತ್ತಿಕೊಳ್ಳಬೇಡಿ.

ಇಲ್ಲಿನ ತೊಟ್ಟಿಗಳು ಮೊಟ್ಟೆಯಾಕಾರ. ಗೇಟ್ ಹತ್ತಿರ ಸುಮಾರು 6 ಮೀಟರ್ ಅಗಲ, ನಡುವೆ ಸುಮಾರು 11 ಮೀಟರ್. ಗೋಡೆ ಬಾಗಿರುವುದರಿಂದ ಬೋಟಿನ ಎರಡೂ ತುದಿ ಒಟ್ಟಿಗೆ ಗೋಡೆಗೆ ಕೂರುವುದಿಲ್ಲ. ಅದಕ್ಕೇ ಎರಡೂ ಹಗ್ಗಕ್ಕೆ ಒಬ್ಬೊಬ್ಬರು ಬೇಕು. ಬೋಟ್ ಗೋಡೆಗೆ ತಗುಲುವಂತಿದ್ದರೆ ಪಕ್ಕದಲ್ಲಿ ನೇತಾಡುವ ರಬ್ಬರ್ ಫೆಂಡರ್‌ಗಳಿಗೆ ಬಿಡಿ. ಕೈಯಿಂದ, ಕಾಲಿನಿಂದ ತಳ್ಳಬೇಡಿ. ಗೀರು ಬಿದ್ದರೆ ದುಡ್ಡು ಹೋಗುತ್ತದೆ, ಬೆರಳು ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ಮಕ್ಕಳು ಲೈಫ್ ಜಾಕೆಟ್ ಹಾಕಿ ಕೂತಿರಲಿ.

## 8. ರಾತ್ರಿ ಬೋಟ್ ಕಟ್ಟುವುದು

ಹಳ್ಳಿಗಳ ಬಂದರಿನಲ್ಲಿ ನೀರು, ಕರೆಂಟ್ ಸಿಗುತ್ತದೆ, ದುಡ್ಡು ಕೊಡಬೇಕು. ಬೇರೆ ಕಡೆ ಬೋಟ್‌ನಲ್ಲಿರುವ ಗೂಟ ಮತ್ತು ಸುತ್ತಿಗೆ ಬಳಸಿ ದಡಕ್ಕೆ ಕಟ್ಟಬಹುದು. ಸಂಜೆ ಐದರೊಳಗೆ ಜಾಗ ಹಿಡಿಯಿರಿ.

ಮರಕ್ಕೆ ಹಗ್ಗ ಕಟ್ಟಲೇಬೇಡಿ. ದಡದ ಪ್ಲೇನ್ ಎಂಬ ಜಾತಿಯ ಮರಗಳಿಗೆ 2006ರಿಂದ ಒಂದು ಶಿಲೀಂಧ್ರ ರೋಗ ಬಂದಿದೆ. ತೊಗಟೆ ಉಜ್ಜಿದ ಗಾಯದಿಂದ ಅದು ಒಳಗೆ ಹೋಗುತ್ತದೆ. ಸಾವಿರಾರು ಮರ ಕಡಿದಿದ್ದಾರೆ. ನೆರಳೇ ಇಲ್ಲದ ಬೋಳು ದಡ ನೋಡಿದಾಗ ಸಂಕಟವಾಗುತ್ತದೆ. ಹಾಗೆಯೇ ಹಗ್ಗವನ್ನು ಸೈಕಲ್ ದಾರಿಗೆ ಅಡ್ಡ ಬಿಡಬೇಡಿ.

ಸೆರ್ಸ್ ಎಂಬ ವಾಯವ್ಯ ಗಾಳಿ ಇಲ್ಲಿ ಜೋರು. ಗಾಳಿಗೆ ಎದುರಾಗಿ ಬಂದು ಮೂತಿಯನ್ನು ಮೊದಲು ಕಟ್ಟಿ, ಆಮೇಲೆ ಹಿಂಭಾಗ. ಮರದ ತುದಿಗಳು ಒಂದೇ ಸಮನೆ ಬಾಗಿ ನಿಂತಿದ್ದರೆ ಆ ದಿನ ಹೊರಡಬೇಡಿ, ಊರು ನೋಡಿ.

## 9. ದಿನಗಳ ಲೆಕ್ಕ

ಸೂತ್ರ ಇಷ್ಟೇ: ಬೆಳಗ್ಗೆ ಬೋಟ್, ಮಧ್ಯಾಹ್ನದ ಮೇಲೆ ಊರು. ಐದು ಗಂಟೆಗಿಂತ ಜಾಸ್ತಿ ಓಡಿಸುವ ದಿನ ಇರಬಾರದು.

ಶನಿವಾರ: ಓಂಪ್ಸ್‌ನಲ್ಲೇ ರಾತ್ರಿ. ಹೊರಡುವ ಆಸೆ ತಡೆದುಕೊಳ್ಳಿ.

ಭಾನುವಾರ: ಲಾಕ್ ತೆರೆಯುವ ಹೊತ್ತಿಗೆ ಮೊದಲ ಲಾಕ್ ಮುಂದಿರಿ. ನಾಲ್ಕೂ ಕಡೆ ಇಳಿದ ಮೇಲೆ ಪಾರಾಜಾ ಹತ್ತಿರ ರೆಪುದ್ರ್ ಹೊಳೆಯ ಮೇಲಿನ ಸೇತುವೆ ಬರುತ್ತದೆ. 1676ರದ್ದು. ಸೇತುವೆಯ ಮೇಲೆ ಹರಿಯುವುದು ಕಾಲುವೆಯೇ, ಬೋಟ್ ಹೊಳೆಯನ್ನು ಅಡ್ಡ ದಾಟುತ್ತದೆ. ದಾರಿ ಕಿರಿದು, ಎದುರು ಯಾರೂ ಇಲ್ಲ ಅಂತ ನೋಡಿ ನುಗ್ಗಿ. ರಾತ್ರಿ ಲ ಸೊಮಾಯ್‌ನಲ್ಲಿ. ಕಲ್ಲಿನ ಕಮಾನು ಸೇತುವೆ ಮತ್ತು ಹಳೆಯ ಪುಸ್ತಕಗಳ ದೊಡ್ಡ ಅಂಗಡಿ ಇರುವ ಪುಟ್ಟ ಊರು.

ಸೋಮವಾರ: ಕಾಪೆಸ್ತಾಂವರೆಗೆ ಸುಮಾರು 22 ಕಿ.ಮೀ. ಊರೊಳಗಿನ ಸೇತುವೆ ತುಂಬಾ ತಗ್ಗು, ಕಮಾನಿನ ಅಂಚುಗಳಂತೂ ಇನ್ನೂ ತಗ್ಗು. ಡೆಕ್ ಮೇಲಿನ ಕೊಡೆ, ಸ್ಟಿಯರಿಂಗ್ ಮುಂದಿನ ಗಾಜು, ಸೈಕಲ್ ಎಲ್ಲ ಕೆಳಗಿಳಿಸಿ, ಎಲ್ಲರೂ ಕೂತುಕೊಂಡು, ನಡುವಿನಿಂದ ನಿಧಾನ ಹೋಗಿ.

ಮಂಗಳವಾರ: ಪ್ವಾಲ್ ದಾಟಿ ಮಾಲ್ಪಾ ಸುರಂಗ. ಸುಮಾರು 165 ಮೀಟರ್, ಒಮ್ಮೆಗೆ ಒಂದೇ ದಿಕ್ಕು. ದೀಪ ಹಾಕಿ, ಹಾರ್ನ್ ಮಾಡಿ, ಎದುರು ಬೆಳಕು ಕಾಣದಿದ್ದರೆ ಮಾತ್ರ ಒಳಗೆ. ಕೊಲೊಂಬಿಯೆಯಲ್ಲಿ ಬೋಟ್ ಕಟ್ಟಿ, ಸೈಕಲ್‌ನಲ್ಲಿ ಹಿಂದಕ್ಕೆ ಬಂದು ಆನ್ಸೆರೂನ್ ಗುಡ್ಡ ಹತ್ತಿ. ರೋಮನ್ನರಿಗಿಂತ ಹಳೆಯ ಊರಿನ ಅವಶೇಷ ಅಲ್ಲಿದೆ. ಗುಡ್ಡದ ತುದಿಯಿಂದ ಮೊಂತಾದಿ ಬಯಲು ನೋಡಿ. ಮಧ್ಯಯುಗದಲ್ಲಿ ಕೆರೆಯ ನೀರು ಬಸಿದು ಮಾಡಿದ ಹೊಲಗಳು. ಎಲ್ಲ ಕಾಲುವೆಗಳೂ ನಡುವಿನ ಒಂದೇ ಬಿಂದುವಿಗೆ ಬಂದು ಸೇರುತ್ತವೆ, ಹೊಲಗಳೆಲ್ಲ ಉದ್ದುದ್ದ ತ್ರಿಕೋನ.

ಬುಧವಾರ: ಸೈಕಲ್‌ನಲ್ಲಿ ದಡದ ದಾರಿ ಹಿಡಿದು ಫೋನ್ಸೆರಾನ್‌ಗೆ. ಬೆಜಿಯೆ ಅಂಚಿನಲ್ಲಿ ಮೆಟ್ಟಿಲಿನಂತೆ ಒಂದಕ್ಕೊಂದು ಅಂಟಿಕೊಂಡ ಲಾಕ್‌ಗಳ ಸಾಲು ಇದು. ಎಂಟು ತೊಟ್ಟಿ, ಒಂಬತ್ತು ಗೇಟ್, 21.5 ಮೀಟರ್ ಇಳಿತ. ಇದನ್ನು ಬೋಟ್‌ನಲ್ಲಿ ಇಳಿಯುವ ಹಟ ಬೇಡ. ಇಳಿಯಲು, ಹತ್ತಲು ಬೇರೆ ಬೇರೆ ಹೊತ್ತು ಇದೆ, ಅರ್ಧ ದಿನ ಸಾಲಿನಲ್ಲೇ ಹೋಗುತ್ತದೆ. ಪಕ್ಕದಲ್ಲಿ ನಿಂತು ನೋಡಿ, ಅಲ್ಲಿಂದ ಬೆಜಿಯೆಗೆ ಹೋಗಿ ಹಳೆಯ ಸೇತುವೆ, ಮೇಲಿನ ಸಾಂ ನಾಜೇರ್ ಕೆಥೆಡ್ರಲ್ ನೋಡಿ. ಸಂಜೆ ಬೋಟ್‌ನಲ್ಲಿ ಪ್ವಾಲ್‌ಗೆ ವಾಪಸ್.

ಗುರುವಾರ: ಬೇಗ ಹೊರಟು ಲ ಸೊಮಾಯ್. ಮಧ್ಯಾಹ್ನ ಟ್ಯಾಕ್ಸಿಯಲ್ಲಿ ನಾರ್ಬೋನ್. ಪೂರ್ತಿಯಾಗದೆ ನಿಂತ ಎತ್ತರದ ಕೆಥೆಡ್ರಲ್, ಅದರ ಪಕ್ಕದ ಚೌಕದಲ್ಲಿ ಅಗೆದು ತೋರಿಸಿರುವ ರೋಮನ್ ರಸ್ತೆಯ ಕಲ್ಲುಹಾಸು ತಪ್ಪಿಸಬೇಡಿ. ಬೋಟ್‌ನಲ್ಲೂ ಅಲ್ಲಿಗೆ ಹೋಗಬಹುದು, ಆದರೆ ಮತ್ತೆ ಲಾಕ್‌ಗಳ ಸಾಲು. ಈ ವಾರಕ್ಕೆ ಅದು ಹೊಂದುವುದಿಲ್ಲ.

ಶುಕ್ರವಾರ: ನಾಲ್ಕು ಕಡೆ ಲಾಕ್ ಹತ್ತಿ ಓಂಪ್ಸ್. ಇದನ್ನು ಶನಿವಾರಕ್ಕೆ ಉಳಿಸಿದರೆ ಕೆಟ್ಟಿರಿ, ಬೋಟನ್ನು ಬೆಳಗ್ಗೆ ಒಂಬತ್ತರ ಸುಮಾರಿಗೇ ಒಪ್ಪಿಸಬೇಕು.

ಹೋಟೆಲ್‌ನಲ್ಲಿ ಬಿಳಿ ಹುರುಳಿಕಾಯಿ ಬೀಜದ ಕಾಸುಲೆ ಎಂಬ ಅಡುಗೆ ಕಂಡು ಸಸ್ಯಾಹಾರ ಅಂದುಕೊಳ್ಳಬೇಡಿ. ಅದರಲ್ಲಿ ಬಾತುಕೋಳಿ, ಹಂದಿ ಮಾಂಸ ಇರುತ್ತದೆ.

## 10. ಈ ಸೂಚನೆ ಕಂಡರೆ ತಕ್ಷಣ ನಿಲ್ಲಿಸಿ

ಎಂಜಿನ್ ಬಿಸಿಯ ಅಲಾರಂ ಬಂದರೆ, ಅಥವಾ ಹೊಗೆ ಕೊಳವೆಯಿಂದ ನೀರು ಬರುವುದು ನಿಂತರೆ, ದಡಕ್ಕೆ ಬಂದು ಎಂಜಿನ್ ಆರಿಸಿ. ಬಹುಪಾಲು ಫಿಲ್ಟರ್‌ಗೆ ಎಲೆ, ಕಸ ಸಿಕ್ಕಿರುತ್ತದೆ. ಎಂಜಿನ್ ಸದ್ದು ಜೋರಾಗಿಯೂ ಬೋಟ್ ಮುಂದೆ ಹೋಗದಿದ್ದರೆ ಪ್ರೊಪೆಲ್ಲರ್‌ಗೆ ಹಗ್ಗವೋ ಕಳೆಯೋ ಸುತ್ತಿದೆ. ಹಗ್ಗದ ತುದಿ ನೀರಿನಲ್ಲಿ ಎಳೆದಾಡುತ್ತಾ ಹೋಗುವುದೇ ಇದಕ್ಕೆ ಕಾರಣ. ನೀರಿಗಿಳಿದು ಬಿಡಿಸಲು ಹೋಗಬೇಡಿ, ಕಂಪನಿಗೆ ಫೋನ್ ಮಾಡಿ. ಗ್ಯಾಸ್ ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟಕಿ ತೆರೆದು, ಎಲ್ಲರೂ ದಡಕ್ಕೆ. ಒಳಗೆ ನೀರು ತೆಗೆಯುವ ಪಂಪ್ ಮತ್ತೆ ಮತ್ತೆ ತಾನಾಗಿಯೇ ಓಡಿದರೆ ಎಲ್ಲೋ ಸೋರುತ್ತಿದೆ.

ನಿಮ್ಮ ಹಿಂದೆ ಅಲೆ ದಡಕ್ಕೆ ಬಡಿದು ಒಡೆಯುತ್ತಿದ್ದರೆ ವೇಗ ಜಾಸ್ತಿಯಾಗಿದೆ. ಕಟ್ಟಿದ ಬೋಟ್‌ಗಳ ಪಕ್ಕದಲ್ಲಿ ನಡೆಯುವಷ್ಟೇ ವೇಗ ಸಾಕು. ಕಾಲುವೆಯಲ್ಲಿ ಈಜುವುದು ನಿಷೇಧ.

## 11. ಒಪ್ಪಿಸುವಾಗ

ಶುಕ್ರವಾರ ರಾತ್ರಿಯೇ ಪಾತ್ರೆ ತೊಳೆದು, ಕಸ ಹಾಕಿ, ಬ್ಯಾಗ್ ಕಟ್ಟಿ. ಬೆಳಗ್ಗೆ ಅವರ ಎದುರಿಗೇ ಗಂಟೆ ಮೀಟರ್ ಫೋಟೊ ತೆಗೆದು, ಮೊದಲಿನ ಫೋಟೊ ಜೊತೆ ಹೋಲಿಸಿ ಡೀಸೆಲ್ ಲೆಕ್ಕ ನೋಡಿ. ಬೋಟನ್ನು ಸುತ್ತ ನಡೆದು ಮತ್ತೊಮ್ಮೆ ವಿಡಿಯೊ ಮಾಡಿ. ಗೀರಿನ ತಕರಾರು ಬಂದರೆ ಹಳೆಯ ಫೋಟೊ ತೋರಿಸಿ. ಡಿಪಾಸಿಟ್ ಬಿಡುಗಡೆ ಆಗಿದೆ ಅಂತ ಕಾಗದದಲ್ಲೋ ಇಮೇಲ್‌ನಲ್ಲೋ ಬರೆಸಿಕೊಂಡೇ ಟ್ಯಾಕ್ಸಿ ಹತ್ತಿ. ಆ ದಿನವೇ ವಿಮಾನ ಹಿಡಿಯುವ ಪ್ಲಾನ್ ಬೇಡ. ತುಲೂಜ್‌ನಲ್ಲಿ ಒಂದು ರಾತ್ರಿ ಉಳಿದು ಮರುದಿನ ಹೊರಡಿ.